ನಾರ್ಮಂಡಿಯ ಪರ್ಸಿ ಊರಿಗೂ ಈ ಎಲ್ಲ ಪರ್ಸಿಗಳಿಗೂ ಏನಾದ್ರೂ ಸಂಬಂಧ ಇದೆಯಾ?

ಕಲ್ಲುಕಂಬ:
ಐಹೊಳೆ, ಪಟ್ಟದಕಲ್ಲು ಬಗ್ಗೆ ಓದೋರಿಗೆಲ್ಲ ಭಾರತದ ವಾಸ್ತುಶಿಲ್ಪದ ಬಗ್ಗೆ ಬರೆದ ಪರ್ಸಿ ಬ್ರೌನ್ ಗೊತ್ತು. ಇಂಗ್ಲಿಷ್ ಎಂಎ ಮಾಡಿದವರಿಗೆ ಕವಿ ಪರ್ಸಿ ಬಿಶ್ ಶೆಲ್ಲಿ. ಕ್ರಿಕೆಟ್ ನೋಡೋರಿಗೆ ಶ್ರೀಲಂಕಾ ಬಾವುಟ ಹಿಡ್ಕೊಂಡು ಬೌಂಡರಿ ಪಕ್ಕ ಓಡಾಡ್ತಿದ್ದ ಪರ್ಸಿ ಅಂಕಲ್. ಮೊನ್ನೆ ಉತ್ತರ ಫ್ರಾನ್ಸಿನ ನಾರ್ಮಂಡಿಯಲ್ಲಿ 1944ರಲ್ಲಿ ನಡೆದ ಯುದ್ಧದ ಭೂಪಟ ನೋಡ್ತಿದ್ದೆ. ಸೇಂಟ್-ಲೋ ಪಟ್ಟಣದಿಂದ ದಕ್ಷಿಣಕ್ಕೆ 'ಪರ್ಸಿ' ಅಂತಲೇ ಒಂದು ಸಣ್ಣ ಊರು ಸಿಕ್ತು. ಎರಡು ಸಾವಿರ ಚಿಲ್ಲರೆ ಜನ ಇರೋ ಊರು. ಇಷ್ಟು ಜನಕ್ಕೆ ಹೆಸರು ಹೋಗಿದ್ದು ಇಲ್ಲಿಂದಲೇನಾ, ಅಥವಾ ಬರೀ ಕಾಕತಾಳೀಯವಾ? ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ. ಹೆಸರಿನ ಪಟ್ಟಿ ಎಲ್ಲಿ ಬೇಕಾದ್ರೂ ಸಿಗತ್ತೆ. ನನಗೆ ಬೇಕಿರೋದು ಹೆಸರು ಹೇಗೆ ಹೋಯ್ತು ಅನ್ನೋ ಕಥೆ.

ಹಳೇಬೀಡು ಹುಡುಗ:
ಮಕ್ಕಳ ಕಾದಂಬರಿಯ ಪರ್ಸಿ ಜಾಕ್ಸನ್ ಬಿಟ್ರಲ್ಲ ಸರ್. ನನ್ನ ಮಗಳಿಗೆ ಗೊತ್ತಿರೋ ಪರ್ಸಿ ಅವನೊಬ್ಬನೇ.

ಶಾಸನಪ್ರಿಯ:
ಒಳ್ಳೆ ಪ್ರಶ್ನೆ. ಸಂಬಂಧ ಇದೆ, ಆದರೆ ನೇರವಾಗಿಲ್ಲ.

1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡ್ ಗೆದ್ದ. ಅವನ ಹಿಂದೆಯೇ ಇಂಗ್ಲೆಂಡಿಗೆ ಹೋದ ಸರದಾರರಲ್ಲಿ ವಿಲಿಯಂ ದ ಪರ್ಸಿ ಅನ್ನೋನು ಒಬ್ಬ. 'ದ ಪರ್ಸಿ' ಅಂದ್ರೆ ಪರ್ಸಿ ಊರಿನವನು, ಅಷ್ಟೇ. 1086ರ ಡೂಮ್ಸ್‌ಡೇ ಜಮೀನು ದಾಖಲೆ ಹೊತ್ತಿಗೆ ಯಾರ್ಕ್‌ಶೈರ್, ಲಿಂಕನ್‌ಶೈರ್‌ಗಳಲ್ಲಿ ಅವನಿಗೆ ದೊಡ್ಡ ಆಸ್ತಿ ಇತ್ತು. ಹಾಳುಬಿದ್ದಿದ್ದ ವಿಟ್ಬಿ ಮಠ ಮತ್ತೆ ಎದ್ದಿದ್ದು ಅವನು ಕೊಟ್ಟ ಜಾಗದಲ್ಲಿ. ಕೊನೆಗೆ ಮೊದಲ ಧರ್ಮಯುದ್ಧಕ್ಕೆ ಹೊರಟು ಜೆರುಸಲೇಂ ಹತ್ತಿರ ತೀರಿಕೊಂಡ. ಅವನ ವಂಶದವರು ಮುಂದೆ ನಾರ್ಥಂಬರ್ಲೆಂಡ್ ಅರ್ಲ್‌ಗಳಾದರು, ಆಮೇಲೆ ಅದಕ್ಕೂ ದೊಡ್ಡ ಪದವಿಯಾದ ಡ್ಯೂಕ್‌ಗಳಾದರು. ಇಂಗ್ಲೆಂಡಿನ ಉತ್ತರದಲ್ಲಿ ಶತಮಾನಗಟ್ಟಲೆ ರಾಜನಿಗಿಂತ ಪರ್ಸಿ ಮಾತೇ ಹೆಚ್ಚು ನಡೀತಿತ್ತು.

ಈ ವಿಲಿಯಂಗೆ ಮೀಸೆ ಬಿಡೋ ಅಭ್ಯಾಸ. ಆಗಿನ ನಾರ್ಮನ್ನರು ನುಣ್ಣಗೆ ಮುಖ ಬೋಳಿಸ್ತಿದ್ದರಿಂದ ಇವನಿಗೆ 'ಮೀಸೆಯವನು' ಅನ್ನೋ ಅರ್ಥದ ಅಡ್ಡಹೆಸರೇ ಬಿತ್ತು. ಆಲ್ಜೆರ್ನನ್ ಅನ್ನೋ ಇಂಗ್ಲಿಷ್ ಹೆಸರು ಹುಟ್ಟಿದ್ದು ಅದರಿಂದ. ಒಬ್ಬನಿಂದ ಎರಡು ಹೆಸರು!

ಚಹಾಅಂಗಡಿ:
ಆಲ್ಜೆರ್ನನ್ ವಿಷಯ ಗೊತ್ತೇ ಇರಲಿಲ್ಲ. ಚೆನ್ನಾಗಿದೆ.

ಸ್ಪರ್ಸ್_ಮೈಸೂರು:
ಗುರು, ಮುಖ್ಯವಾದದ್ದೇ ಬಿಟ್ರಲ್ಲ! ಲಂಡನ್ನಿನ ಫುಟ್‌ಬಾಲ್ ಕ್ಲಬ್ ಟೊಟೆನ್‌ಹ್ಯಾಮ್ ಹಾಟ್‌ಸ್ಪರ್!! ಆ ಹಾಟ್‌ಸ್ಪರ್ ಯಾರು ಅಂದ್ಕೊಂಡ್ರಿ? ಹೆನ್ರಿ ಪರ್ಸಿ, ಇದೇ ಮನೆತನದವನು. ಕುದುರೆಗೆ ಹಿಮ್ಮಡಿ ಮುಳ್ಳು (ಸ್ಪರ್) ಒತ್ತಿ ನುಗ್ಗೋ ಅವನ ಆತುರ ನೋಡಿ ಸ್ಕಾಟ್ ಜನ ಇಟ್ಟ ಹೆಸರು ಅದು. 1399ರಲ್ಲಿ ನಾಲ್ಕನೇ ಹೆನ್ರಿಯನ್ನ ಸಿಂಹಾಸನದ ಮೇಲೆ ಕೂರಿಸೋಕೆ ನೆರವಾದ. ನಾಲ್ಕೇ ವರ್ಷಕ್ಕೆ ಅದೇ ರಾಜನ ಮೇಲೆ ತಿರುಗಿಬಿದ್ದು 1403 ಜುಲೈ 21ರಂದು ಶ್ರೂಸ್‌ಬರಿ ರಣದಲ್ಲಿ ಸತ್ತ. ಹೂತಿದ್ದ ಹೆಣವನ್ನ ಮತ್ತೆ ತೆಗೆಸಿ ಊರ ನಡುವೆ ನಿಲ್ಲಿಸಿದ್ರು, 'ಅವನಿನ್ನೂ ಬದುಕಿದಾನೆ' ಅನ್ನೋ ಸುದ್ದಿ ಹಬ್ಬಬಾರದು ಅಂತ. ಷೇಕ್ಸ್‌ಪಿಯರ್ ನಾಟಕದಿಂದ ಮನೆಮಾತಾದ.

ಟೊಟೆನ್‌ಹ್ಯಾಮ್ ಕಡೆ ಪರ್ಸಿ ಮನೆತನಕ್ಕೆ ಜಮೀನಿತ್ತು. ಈಗಲೂ ಅಲ್ಲಿ ನಾರ್ಥಂಬರ್ಲೆಂಡ್ ಪಾರ್ಕ್ ಅಂತ ಜಾಗ ಇದೆ. 1882ರಲ್ಲಿ ಶಾಲಾ ಹುಡುಗರು ಸೇರಿ ಕ್ಲಬ್ ಕಟ್ಟಿದಾಗ ಹಾಟ್‌ಸ್ಪರ್ ಅಂತ ಹೆಸರಿಟ್ರು. ಬ್ಯಾಡ್ಜ್ ಮೇಲಿರೋ ಕೋಳಿಯೂ ಆ ಮುಳ್ಳಿನ ಲೆಕ್ಕದಲ್ಲೇ ಬಂದಿದ್ದು.

ಗದಗಿನ ಗೆಳೆಯ:
ಅಲ್ರೀ ಶಾಸನಪ್ರಿಯ, ಒಂದು ತಕರಾರು ಅದ. ಕಲ್ಲುಕಂಬ ಅವರು ಭೂಪಟದಾಗ ನೋಡಿದ್ದು ಮಾಂಶ್ ಜಿಲ್ಲೆಯ ಪರ್ಸಿ. ಆದ್ರ ವಿಲಿಯಂ ದ ಪರ್ಸಿ ಬಂದಿದ್ದು ಅಲ್ಲಿಂದ ಅಲ್ಲ ಅಂತ ವಂಶಾವಳಿ ಬರೆದೋರು ಭಾಳ ಮಂದಿ ಹೇಳ್ತಾರ. ಪೂರ್ವಕ್ಕ, ಕಾಲ್ವಾಡೋಸ್ ಜಿಲ್ಲೆದಾಗ ಪರ್ಸಿ-ಆನ್-ಓಜ್ ಅಂತ ಇನ್ನೊಂದು ಹಳ್ಳಿ ಅದ. ಅದು ಮೂಲ ಊರು ಅಂತಾರ. ಸುಮ್ನ ಹೆಸರು ಕೂಡಿತು ಅಂತ ಮಾಂಶ್ ಊರಿಗೆ ಕೊಟ್ರ ಹೆಂಗ್ರೀ?

ಶಾಸನಪ್ರಿಯ:
@ಗದಗಿನ ಗೆಳೆಯ, ಅದಕ್ಕೇ 'ನೇರವಾಗಿಲ್ಲ' ಅಂದಿದ್ದು ಸರ್. ಎರಡೂ ಊರಿನ ಪರ ವಾದ ಇದೆ. ಮಾಂಶ್‌ನವರು ಹಿಂದಿನಿಂದಲೂ ತಮ್ಮದೇ ಅಂತಾರೆ. ಹನ್ನೊಂದನೇ ಶತಮಾನದ ಒಂದು ಮನೆತನ ಯಾವ ಹಳ್ಳಿಯದು ಅಂತ ಹಿಡಿಯೋಕೆ ಇರೋ ದಾರಿ ಒಂದೇ: ಅವರ ಹಿಡುವಳಿಗೆ ಒಡೆಯ ಯಾರು, ಸಾಕ್ಷಿ ಹಾಕಿದೋರು ಯಾರು, ಯಾವ ಮಠಕ್ಕೆ ದಾನ ಕೊಟ್ರು ಅಂತ ದಾನಪತ್ರಗಳನ್ನ ಜೋಡಿಸ್ತಾ ಹೋಗೋದು. ಆ ಲೆಕ್ಕದಲ್ಲಿ ಪರ್ಸಿ-ಆನ್-ಓಜ್ ಕಡೆ ತೂಕ ಹೆಚ್ಚು ಅಂತ ನಾನೂ ಒಪ್ತೀನಿ. ಆದರೆ ಮಾಂಶ್ ಪರ್ಸಿಯವರ ಹಕ್ಕನ್ನ ಪೂರ್ತಿ ತಳ್ಳಿಹಾಕೋದು ಬೇಡ.

ಗದಗಿನ ಗೆಳೆಯ:
ತೂಕ ಹೆಚ್ಚು ಅಂದ್ಮ್ಯಾಲ ಅದನ್ನ ಮೊದಲ ಬರೀಬೇಕಲ್ರೀ. ಓದೋರು ಮೊದಲನೇ ಕಾಮೆಂಟ್ ಓದಿ ಹೋಗಿಬಿಡ್ತಾರ.

ಕುಂದಾಪ್ರದ ಮಾಣಿ:
ಮಾರಾಯ್ರೆ, ಎರಡು ಊರಿಗೂ ಒಂದೇ ಹೆಸರು ಹೆಂಗೆ ಬಂತು?

ಹೆಸರುಬೇಟೆ:
@ಕುಂದಾಪ್ರದ ಮಾಣಿ, ರೋಮನ್ ಕಾಲದ ಜಮೀನುದಾರಿಕೆ. ಪೆರ್ಸಿಯಸ್ ಅನ್ನೋ ಹೆಸರಿನವನ ಎಸ್ಟೇಟ್ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಆ ಹೆಸರಿಗೆ ಬಾಲ ಸೇರಿಸಿ ಊರು ಕರೆದ್ರು. ಆ ಬಾಲ ಉತ್ತರ ಫ್ರಾನ್ಸಿನಲ್ಲಿ ಸವೆದು 'ಇ' ಆಯ್ತು, ದಕ್ಷಿಣದ ಕಡೆ 'ಅಕ್' ಅಂತ ಉಳೀತು, ಕೊನ್ಯಾಕ್ ಊರಿನ ಥರ. ಹಾಗಾಗಿ ಒಂದೇ ಹೆಸರಿನ ಊರು ನಾಲ್ಕಾರು ಇರೋದು ಫ್ರಾನ್ಸಿನಲ್ಲಿ ಮಾಮೂಲು. ಆಲ್ಪ್ಸ್ ಕಡೆ ಇಸೇರ್ ಜಿಲ್ಲೆಯಲ್ಲೂ ಲ ಪರ್ಸಿ ಅಂತ ಒಂದು ಪುಟ್ಟ ಊರಿದೆ.

ಇನ್ನೊಂದು ವಿಷಯ. ಈ ಎರಡು ನಾರ್ಮಂಡಿ ಊರುಗಳೂ ಈಗ ಅದೇ ಹೆಸರಲ್ಲಿ ಉಳಿದಿಲ್ಲ. ಮಾಂಶ್‌ನ ಪರ್ಸಿ 2016ರ ಜನವರಿಯಲ್ಲಿ ಪಕ್ಕದ ಲ ಶೆಫ್ರೇನ್ ಜೊತೆ ಸೇರಿ 'ಪರ್ಸಿ-ಆನ್-ನಾರ್ಮಂಡಿ' ಆಯ್ತು. ಮರುವರ್ಷ ಪರ್ಸಿ-ಆನ್-ಓಜ್ ಕೂಡ ಮೆಜಿದೋನ್ ಕಡೆಯ ಹೊಸ ದೊಡ್ಡ ಪಂಚಾಯ್ತಿಯೊಳಗೆ ಸೇರಿಹೋಯ್ತು. ಖರ್ಚು ಉಳಿಸೋಕೆ ಸಣ್ಣ ಊರುಗಳನ್ನ ಒಟ್ಟು ಮಾಡೋದು ಆಗ ಫ್ರಾನ್ಸಿನ ತುಂಬ ನಡೀತಿತ್ತು.

ಕಾನ್_ಕನ್ನಡಿಗ:
ನಾನು ನಾರ್ಮಂಡಿಯ ಕಾನ್ (Caen) ನಗರದಲ್ಲಿ ಓದ್ತಾ ಇದ್ದಾಗ ಮಾಂಶ್ ಪರ್ಸಿ ಕಡೆ ಹೋಗಿದ್ದೆ. ಹೆಸರಿಗಾಗಿ ಹೋಗಿದ್ದಲ್ಲ, ಪಕ್ಕದ ವಿಲ್‌ದ್ಯೂ-ಲೆ-ಪ್ವಾಲ್ ಊರಿನ ತಾಮ್ರದ ಪಾತ್ರೆ ನೋಡೋಕೆ. ಆ ಊರಿನ ಹೆಸರಲ್ಲೇ ಬಾಣಲೆ ಇದೆ, 'ಪ್ವಾಲ್' ಅಂದ್ರೆ ಬಾಣಲೆ. ಅಂಗಡಿ ಸಾಲಿನ ತುಂಬ ತಾಮ್ರದ ಬೋಗುಣಿಗಳು, ಒಂದೊಂದರ ಮೈಮೇಲೂ ಸುತ್ತಿಗೆ ಏಟಿನ ಸಣ್ಣ ಸಣ್ಣ ತಗ್ಗು, ಒಳಗೆ ಕಲಾಯಿ. ಅಲ್ಲೇ ಒಂದು ಗಂಟೆ ಎರಕದ ಕಾರ್ಖಾನೆಯೂ ಇದೆ. ಪ್ಯಾರಿಸ್ಸಿನ ನೋಟ್ರ್ ದಾಮ್‌ಗೆ 2013ರಲ್ಲಿ ಬಂದ ಹೊಸ ಗಂಟೆಗಳಲ್ಲಿ ಎಂಟು ಎರಕ ಹೊಯ್ದಿದ್ದು ಅಲ್ಲಿ.

ಪರ್ಸಿಗೆ ಹೋಗೋ ದಾರಿಯಲ್ಲಿ ಕಾಣೋದು ಬೇಲಿ, ಬೇಲಿ, ಬೇಲಿ. ನಮ್ಮ ಕಡೆಯ ಬೇಲಿ ಥರ ಅಂದ್ಕೋಬೇಡಿ. ಆಳೆತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಮರ, ಶತಮಾನಗಳ ಬೇರು ಹೆಣೆದುಕೊಂಡು ಗೋಡೆಯೇ ಆಗಿಬಿಟ್ಟಿದೆ. ಎರಡು ದಿಬ್ಬದ ನಡುವೆ ರಸ್ತೆ ಕಾಲುವೆ ಥರ ಕೆಳಗಿರತ್ತೆ. ದಿಬ್ಬದ ಆಚೆ ದನ ಮೇಯೋದು, ಸೇಬಿನ ತೋಟ. ಕಾರಿನಲ್ಲಿ ಕೂತ್ರೆ ಆಚೆ ಏನೂ ಕಾಣಲ್ಲ.

1944ರಲ್ಲಿ ಅಮೆರಿಕನ್ ಸೈನ್ಯ ಒದ್ದಾಡಿದ್ದು ಈ ಬೇಲಿಗಳಲ್ಲೇ. ಟ್ಯಾಂಕ್ ದಿಬ್ಬ ಹತ್ತಿದ್ರೆ ಅದರ ತೆಳು ಹೊಟ್ಟೆ ಮೇಲಕ್ಕೆ ಬರತ್ತೆ, ಆಚೆ ಕೂತ ಜರ್ಮನ್ನರಿಗೆ ಸುಲಭದ ಗುರಿ. ಕೊನೆಗೆ ಸಮುದ್ರ ದಂಡೆಯಲ್ಲಿ ಜರ್ಮನ್ನರೇ ನೆಟ್ಟಿದ್ದ ಉಕ್ಕಿನ ತಡೆಗಳನ್ನ ಕತ್ತರಿಸಿ ಟ್ಯಾಂಕಿನ ಮೂತಿಗೆ ಹಲ್ಲಿನ ಥರ ಬೆಸುಗೆ ಹಾಕಿದ್ರು. ಆ ಹಲ್ಲು ದಿಬ್ಬದ ಬುಡಕ್ಕೆ ಕಚ್ಚಿಕೊಂಡ್ರೆ ಟ್ಯಾಂಕ್ ಮೇಲೇಳಲ್ಲ, ಬೇರು ಸಮೇತ ಸೀಳ್ಕೊಂಡು ಹೋಗತ್ತೆ. ಜುಲೈ 25ಕ್ಕೆ ಜರ್ಮನ್ ಸಾಲು ಮುರಿಯೋ ಅಮೆರಿಕನ್ನರ ಕೋಬ್ರಾ ಕಾರ್ಯಾಚರಣೆ ಶುರುವಾಗಿ ಆಗಸ್ಟ್ ಮೊದಲ ದಿನಗಳಲ್ಲಿ ಪರ್ಸಿ ಬಿಡುಗಡೆ ಆಯ್ತು. ಆ ಊರಿನ ನೆನಪಿನಲ್ಲಿ ದೊಡ್ಡದು ಇದು, ಇಂಗ್ಲೆಂಡಿನ ಡ್ಯೂಕ್ ಅಲ್ಲ.

ಕಲ್ಲುಕಂಬ:
@ಕಾನ್_ಕನ್ನಡಿಗ, ತುಂಬಾ ಧನ್ಯವಾದ. ನಾನು ನೋಡಿದ ಭೂಪಟದಲ್ಲಿ ಬರೀ ಬಾಣದ ಗುರುತು ಇತ್ತು. ಆ ಬಾಣದ ಕೆಳಗೆ ಇಷ್ಟೆಲ್ಲ ಇತ್ತು ಅಂತ ಈಗ ಗೊತ್ತಾಯ್ತು.

ಮೈನಾ:
ಹೆಂಗಸರ ವಿಷಯ ಯಾರೂ ಎತ್ತಲಿಲ್ಲ. 'ಪರ್ಸಿ ವಂಶ' ಅಂತ ಎಲ್ಲರೂ ಬರೀತಿದೀರಿ, ಆದರೆ ಆ ಗಂಡು ಸಂತತಿ ಹನ್ನೆರಡನೇ ಶತಮಾನದಲ್ಲೇ ಮುಗಿದುಹೋಯ್ತು. ಉಳಿದಿದ್ದು ಆಗ್ನೆಸ್ ದ ಪರ್ಸಿ ಅನ್ನೋ ಮಗಳು. ಅವಳು ಮದುವೆಯಾಗಿದ್ದು ಲೂವೆನ್‌ನ ಜೋಸ್ಲಿನ್‌ನನ್ನ, ಅವನು ಇಂಗ್ಲೆಂಡಿನ ರಾಣಿ ಅಡೆಲಿಜಾಳ ಮಲತಮ್ಮ. ಮಕ್ಕಳು ಅಪ್ಪನ ಹೆಸರು ಬಿಟ್ಟು ಅಮ್ಮನ ಕಡೆಯ ಪರ್ಸಿ ಹೆಸರು ಹಿಡಿದ್ರು. ಹಾಟ್‌ಸ್ಪರ್ ಬಂದಿದ್ದು ಈ ಸಾಲಿನಿಂದ.

ಐನೂರು ವರ್ಷ ಬಿಟ್ಟು ಮತ್ತೆ ಅದೇ ಕಥೆ. 1670ರಲ್ಲಿ ಹನ್ನೊಂದನೇ ಅರ್ಲ್ ಸತ್ತಾಗ ಉಳಿದಿದ್ದು ಎಲಿಜಬೆತ್ ಪರ್ಸಿ ಅನ್ನೋ ಮೂರು ವರ್ಷದ ಮಗು. ಅಷ್ಟು ದೊಡ್ಡ ಆಸ್ತಿಗೆ ಒಬ್ಬಳೇ ವಾರಸುದಾರಳು. ಹದಿನಾರು ತುಂಬೋದರೊಳಗೆ ಮೂರು ಮದುವೆ ಮಾಡಿಸಿದ್ರು. ಮೊದಲನೇ ಗಂಡ ಸತ್ತ, ಎರಡನೆಯವನನ್ನ ಲಂಡನ್ ಬೀದಿಯಲ್ಲಿ ಗುಂಡಿಟ್ಟು ಕೊಂದ್ರು, ಮೂರನೆಯವನು ಸಾಮರ್ಸೆಟ್ ಡ್ಯೂಕ್. ಅವಳ ಮೊಮ್ಮಗಳನ್ನ ಮದುವೆಯಾದ ಸರ್ ಹ್ಯೂ ಸ್ಮಿತ್‌ಸನ್ 1750ರಲ್ಲಿ ತನ್ನ ಮನೆತನದ ಹೆಸರು ತೆಗೆದುಹಾಕಿ ಪರ್ಸಿ ಅಂತ ಮಾಡ್ಕೊಂಡ, 1766ರಲ್ಲಿ ಡ್ಯೂಕ್ ಆದ. ಈಗಿನ ಡ್ಯೂಕ್‌ಗಳು ಅವನ ಸಂತತಿ. ಅಂದ್ರೆ ಎರಡು ಸಲ ಈ ಹೆಸರನ್ನ ದಾಟಿಸಿದ್ದು ಹೆಣ್ಣುಮಕ್ಕಳು. ಊರು ಯಾವುದು ಅಂತ ಜಗಳ ಆಡೋ ಮುಂಚೆ ಇದನ್ನ ಬರೀಬೇಕು ಅನ್ನೋದು ನನ್ನ ಅಭಿಪ್ರಾಯ.

ಚಹಾಅಂಗಡಿ:
ಸ್ಮಿತ್‌ಸನ್ ಅಂದ್ರೆ... ವಾಷಿಂಗ್ಟನ್‌ನ ಮ್ಯೂಸಿಯಂಗಳ ಸ್ಮಿತ್‌ಸೋನಿಯನ್ ಸಂಸ್ಥೆ?

ಮೈನಾ:
@ಚಹಾಅಂಗಡಿ, ಹೌದು, ಅದೇ! ಜೇಮ್ಸ್ ಸ್ಮಿತ್‌ಸನ್ ಈ ಹ್ಯೂಗೆ ಮದುವೆಯಾಚೆ ಹುಟ್ಟಿದ ಮಗ. ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಅಪ್ಪ ಬಿಟ್ಟುಹಾಕಿದ ಹೆಸರನ್ನ ಮಗ ಹಿಡಿದ. ಪರ್ಸಿ ಅನ್ನೋ ಹೆಸರಾಗಲಿ ಪದವಿಯಾಗಲಿ ಅವನಿಗೆ ದಕ್ಕಲಿಲ್ಲ. ಖನಿಜಶಾಸ್ತ್ರಜ್ಞನಾದ, ಸತುವಿನ ಒಂದು ಅದಿರಿಗೆ ಸ್ಮಿತ್‌ಸೋನೈಟ್ ಅಂತ ಅವನದೇ ಹೆಸರಿದೆ. 1829ರಲ್ಲಿ ಜಿನೋವಾದಲ್ಲಿ ತೀರಿಕೊಂಡ. ಅಣ್ಣತಮ್ಮಂದಿರ ಮಗನಿಗೆ ಮಕ್ಕಳಾಗದಿದ್ರೆ ಆಸ್ತಿಯೆಲ್ಲ ಅಮೆರಿಕಕ್ಕೆ, ಜ್ಞಾನ ಬೆಳೆಸಿ ಹರಡೋಕೆ ಅಂತ ಉಯಿಲು ಬರೆದಿದ್ದ. ಹಾಗೇ ಆಯ್ತು. ಒಂದು ಲಕ್ಷಕ್ಕೂ ಹೆಚ್ಚು ಚಿನ್ನದ ನಾಣ್ಯ ಹಡಗಿನಲ್ಲಿ ಹೋಯ್ತು, 1846ರಲ್ಲಿ ಸಂಸ್ಥೆ ಹುಟ್ತು. ಅಮೆರಿಕಕ್ಕೆ ಅವನು ಬದುಕಿದ್ದಾಗ ಕಾಲೇ ಇಟ್ಟಿರಲಿಲ್ಲ. 1904ರಲ್ಲಿ ಟೆಲಿಫೋನಿನ ಗ್ರಹಾಂ ಬೆಲ್ ಸ್ವತಃ ಹೋಗಿ ಅವನ ಅಸ್ಥಿ ತಂದ್ರು.

ಇನ್ನೊಂದು ಸೇರಿಸ್ತೀನಿ. ಇದೇ ಅಪ್ಪನ ಮದುವೆಯ ಮಗ ಹ್ಯೂ ಪರ್ಸಿ, ಆಮೇಲೆ ಎರಡನೇ ಡ್ಯೂಕ್ ಆದವನು, 1775ರ ಏಪ್ರಿಲ್ 19ರಂದು ಲೆಕ್ಸಿಂಗ್‌ಟನ್‌ನಲ್ಲಿ ಅಮೆರಿಕನ್ನರ ವಿರುದ್ಧ ಬ್ರಿಟಿಷ್ ಪಡೆ ನಡೆಸಿದವನು. ಅಣ್ಣ ಅಮೆರಿಕದ ಮೇಲೆ ತೋಪು ಹಾರಿಸಿದ, ತಮ್ಮ ಅದಕ್ಕೇ ಮನೆ ಮಾರಿ ಕೊಟ್ಟ ಹಾಗೆ ಎಲ್ಲ ಬರೆದುಕೊಟ್ಟ.

ಗದಗಿನ ಗೆಳೆಯ:
ಇದು ಭಾರಿ ಅದ್ರೀ ಮೇಡಂ. ನಮಸ್ಕಾರ ನಿಮಗ.

ನಕ್ಷತ್ರಿಕ:
ಒಂಬತ್ತನೇ ಅರ್ಲ್ ಹೆನ್ರಿ ಪರ್ಸಿಯನ್ನ ಮರೀಬೇಡಿ. 'ಮಾಂತ್ರಿಕ ಅರ್ಲ್' ಅಂತ ಕರೀತಿದ್ರು, ರಸವಿದ್ಯೆ, ಖಗೋಳ ಅಂತ ಮುಳುಗಿರ್ತಿದ್ದ. 1605ರಲ್ಲಿ ಬ್ರಿಟಿಷ್ ಪಾರ್ಲಿಮೆಂಟನ್ನ ಮದ್ದಿನಿಂದ ಉಡಾಯಿಸೋ ಸಂಚು ಬಯಲಾಯ್ತಲ್ಲ, ಅದರಲ್ಲಿದ್ದ ಥಾಮಸ್ ಪರ್ಸಿ ಇವನ ಸಂಬಂಧಿ. ಆ ತಪ್ಪಿಗೆ ಅರ್ಲ್ 1621ರವರೆಗೆ ಲಂಡನ್ ಟವರ್‌ನಲ್ಲಿ ಸೆರೆಯಲ್ಲಿದ್ದ. ಅವನ ಆಶ್ರಯದಲ್ಲಿದ್ದ ಥಾಮಸ್ ಹ್ಯಾರಿಯಟ್ 1609ರ ಜುಲೈನಲ್ಲಿ ಪರ್ಸಿಗಳ ಸಯಾನ್ ಹೌಸ್‌ನಿಂದ ದೂರದರ್ಶಕ ಹಿಡಿದು ಚಂದ್ರನ ಚಿತ್ರ ಬರೆದ. ಗೆಲಿಲಿಯೋ ಚಂದ್ರನ ಚಿತ್ರ ಬರೆದದ್ದು ಅದಾಗಿ ಕೆಲವು ತಿಂಗಳ ಮೇಲೆ. ಹ್ಯಾರಿಯಟ್ ಪ್ರಕಟಿಸಲಿಲ್ಲ, ಅದಕ್ಕೇ ಹೆಸರು ಬರಲಿಲ್ಲ. ಖಗೋಳದ ಪುಸ್ತಕಗಳಲ್ಲಿ ಇದನ್ನ ಒಂದು ಸಾಲಿಗೆ ಮುಗಿಸೋದು ನೋಡಿದ್ರೆ ನನಗೆ ಸಂಕಟ ಆಗತ್ತೆ.

ಹಳೇಬೀಡು ಹುಡುಗ:
ಹ್ಯಾರಿ ಪಾಟರ್ ಶಾಲೆಯ ಹೊರಾಂಗಣ ಚಿತ್ರೀಕರಣ ಆಗಿದ್ದು ಆನಿಕ್ ಕೋಟೆಯಲ್ಲಿ, ಅದು ಪರ್ಸಿಗಳದ್ದೇ. 1309ರಲ್ಲಿ ಕೊಂಡಿದ್ದು, ಇವತ್ತಿಗೂ ಅವರ ಮನೆ. ಮಗಳಿಗೆ ಹೇಳಿದೆ, ಈಗ ಅವಳೂ ಇದನ್ನ ಓದ್ತಿದಾಳೆ.

ಬೋಳಾರದ ಬಾಯಿ:
ನಮ್ಮ ಮಂಗಳೂರಿನ ಕ್ರೈಸ್ತರಲ್ಲಿ, ಮುಂಬೈ ಪಾರ್ಸಿಗಳಲ್ಲಿ ಪರ್ಸಿ ಅನ್ನೋ ಹೆಸರು ಉಂಟು. ಅವರಿಗೂ ಇದೇ ಊರಾ? ಪರ್ಸಿವಲ್ ಅಂತ ಇಟ್ಟು ಪರ್ಸಿ ಅಂತ ಕರೆಯುವುದೂ ಉಂಟಲ್ಲ.

ಹೆಸರುಬೇಟೆ:
@ಬೋಳಾರದ ಬಾಯಿ, ಪರ್ಸಿವಲ್ ಬೇರೆ ಬಾಯಿ. ಅದು ಹನ್ನೆರಡನೇ ಶತಮಾನದ ಫ್ರೆಂಚ್ ಕವಿ ಕ್ರೆತಿಯೆನ್ ದ ತ್ರುವಾ ಬರೆದ ಆರ್ಥರ್ ರಾಜನ ಕಥೆಯ ವೀರನ ಹೆಸರು. ಉಚ್ಚಾರ ಹತ್ತಿರ ಇರೋದ್ರಿಂದ ಎರಡೂ ಬೆರೆತುಹೋದ್ವು. ಪರ್ಸಿ ಜಾಕ್ಸನ್ ಇನ್ನೂ ಬೇರೆ, ಅದು ಗ್ರೀಕ್ ಪುರಾಣದ ವೀರ ಪರ್ಸ್ಯೂಸ್ ಹೆಸರು.

ಇಂಗ್ಲೆಂಡಿನಲ್ಲಿ ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ಮನೆತನಗಳ ಹೆಸರನ್ನ ಮಕ್ಕಳಿಗೆ ಇಡೋ ರೂಢಿ ಬೆಳೀತು. ಹೋವರ್ಡ್, ಸ್ಟ್ಯಾನ್ಲಿ, ನೆವಿಲ್, ಪರ್ಸಿ. ಒಮ್ಮೆ ಅದು ಮಗುವಿಗಿಡೋ ಹೆಸರಾದ ಮೇಲೆ ಊರಿಗೂ ವಂಶಕ್ಕೂ ಸಂಬಂಧ ಕಡಿದುಹೋಯ್ತು. ಶೆಲ್ಲಿಯ ಮಗನೂ ಪರ್ಸಿಯೇ, ಫ್ಲಾರೆನ್ಸ್‌ನಲ್ಲಿ 1819ರಲ್ಲಿ ಹುಟ್ಟಿದ್ದಕ್ಕೆ ಪರ್ಸಿ ಫ್ಲಾರೆನ್ಸ್. ಹಡಗು ಹತ್ತಿ ಆ ಹೆಸರು ಬ್ರಿಟಿಷರು ಹೋದಲ್ಲೆಲ್ಲ ಹೋಯ್ತು. ಪರ್ಸಿ ಬ್ರೌನ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ ಲಾಹೋರ್, ಕಲ್ಕತ್ತಾ ಕಲಾಶಾಲೆಗಳಲ್ಲಿ ಕೆಲಸ ಮಾಡಿ 1955ರಲ್ಲಿ ಶ್ರೀನಗರದಲ್ಲಿ ತೀರಿಕೊಂಡವರು.

ಕವರ್‌ಡ್ರೈವ್:
ಪರ್ಸಿ ಅಂಕಲ್ ಅಂದ್ರೆ ಪರ್ಸಿ ಅಬೇಸೇಕರ. 2023ರ ಅಕ್ಟೋಬರ್‌ನಲ್ಲಿ ತೀರಿಕೊಂಡ್ರು. ಎದುರು ತಂಡದವರನ್ನೂ ಹೆಸರು ಹಿಡಿದು ಮಾತಾಡಿಸ್ತಿದ್ರು, ಅದಕ್ಕೇ ಎಲ್ಲ ದೇಶದ ಆಟಗಾರರಿಗೂ ಬೇಕಾದವರು. ಅದೇ ವರ್ಷ ಏಷ್ಯಾ ಕಪ್ ಹೊತ್ತಿಗೆ ರೋಹಿತ್ ಶರ್ಮಾ ಅವರ ಮನೆಗೇ ಹೋಗಿ ನೋಡಿಕೊಂಡು ಬಂದಿದ್ದ. ಅವರ ಜಾಗ ತುಂಬೋರು ಇಲ್ಲ.

ರಸಾಯನ_ಮೇಷ್ಟ್ರು:
ನನ್ನ ಮಟ್ಟಿಗೆ ಈ ಹೆಸರಿನ ದೊಡ್ಡ ಮನುಷ್ಯ ಪರ್ಸಿ ಜೂಲಿಯನ್. 1899ರಲ್ಲಿ ಅಲಬಾಮಾದ ಮಾಂಟ್ಗಮರಿಯಲ್ಲಿ ಹುಟ್ಟಿದವರು, ಗುಲಾಮರಾಗಿದ್ದವರ ಮೊಮ್ಮಗ. ಊರಲ್ಲಿ ಕರಿಯ ಮಕ್ಕಳಿಗೆ ಎಂಟನೇ ಕ್ಲಾಸಿನ ಆಚೆ ಓದೋಕೆ ದಾರಿಯೇ ಇರಲಿಲ್ಲ. 1935ರಲ್ಲಿ ಫೈಸೊಸ್ಟಿಗ್ಮಿನ್ ಅನ್ನು ಪ್ರಯೋಗಾಲಯದಲ್ಲಿ ಪೂರ್ತಿ ಕಟ್ಟಿದ್ರು, ಕಣ್ಣಿನ ಗ್ಲಾಕೋಮಾಗೆ ಕೊಡ್ತಿದ್ದ ಔಷಧ ಅದು. ಆಮೇಲೆ ಸೋಯಾ ಎಣ್ಣೆಯಿಂದ ಹಾರ್ಮೋನುಗಳನ್ನ ದೊಡ್ಡ ಪ್ರಮಾಣದಲ್ಲಿ ತಯಾರಿಸೋ ದಾರಿ ಮಾಡಿದ್ರು. ಶಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ ಮನೆ ಕೊಂಡಾಗ, 1950ರಲ್ಲಿ, ಆ ಮನೆಗೆ ಬೆಂಕಿ ಇಡೋಕೆ ಹೋದ್ರು. ಅವರು ಅಲ್ಲಿಂದ ಕದಲಲಿಲ್ಲ.

ಮೈಕ್ರೋವೇವ್ ಒಲೆ ಮಾಡಿದ ಪರ್ಸಿ ಸ್ಪೆನ್ಸರ್, ರಸ್ತೆ ನಡುವೆ ರಾತ್ರಿ ಹೊಳೆಯೋ 'ಬೆಕ್ಕಿನ ಕಣ್ಣು' ಮಾಡಿದ ಪರ್ಸಿ ಶಾ ಕೂಡ ಇದಾರೆ. ಶಾ ಯಾರ್ಕ್‌ಶೈರ್‌ನವರು, 1934ರ ಪೇಟೆಂಟ್.

ಗದಗಿನ ಗೆಳೆಯ:
ಇವರನ್ನೆಲ್ಲ ಆ ಊರಿನ ಕೆಳಗ ಸೇರಿಸೋದು ಸರಿ ಅಲ್ಲ ಅಂತ ನನ್ನ ಮಾತು. ಫ್ರಾನ್ಸಿನವನೇ ಆದ ಪಿಯರ್-ಫ್ರಾಂಸ್ವಾ ಪರ್ಸಿ, ನೆಪೋಲಿಯನ್ ಸೈನ್ಯದ ಮುಖ್ಯ ಶಸ್ತ್ರವೈದ್ಯ, ರಣದಾಗ ಬಿದ್ದೋರನ್ನ ಹೊತ್ತು ತರೋ ಡೋಲಿ ದಳ ಕಟ್ಟಿದಾವ, ಅವನೂ ನಾರ್ಮಂಡಿಯವ ಅಲ್ಲ, ಪೂರ್ವ ಫ್ರಾನ್ಸಿನವ. ಪ್ಯಾರಿಸ್ ಪಕ್ಕ ಕ್ಲಮಾರ್‌ದಾಗಿನ ಪರ್ಸಿ ಮಿಲಿಟರಿ ಆಸ್ಪತ್ರೆ ಅವನ ಹೆಸರಿಂದು. 2004ರಾಗ ಯಾಸಿರ್ ಅರಾಫತ್ ತೀರಿಕೊಂಡಿದ್ದು ಅಲ್ಲೇ. ಹೆಸರು ಕೂಡಿದ್ರ ಊರು ಕೂಡಬೇಕಂತಿಲ್ಲ.

ರಸಾಯನ_ಮೇಷ್ಟ್ರು:
@ಗದಗಿನ ಗೆಳೆಯ, ಊರಿನವರು ಅಂತ ನಾನೂ ಹೇಳಿಲ್ಲ. ಆದರೆ ಪ್ರಶ್ನೆ ಇದ್ದಿದ್ದು ಹೆಸರು ಹೇಗೆ ಹೋಯ್ತು ಅಂತ. ಒಂದು ಜಮೀನುದಾರಿ ಮನೆತನದ ಹೆಸರು ಗುಲಾಮರ ಮೊಮ್ಮಗನಿಗೆ ಬಂತು ಅನ್ನೋದನ್ನ ಬಿಟ್ಟು ಆ ಕಥೆ ಹೇಳೋಕಾಗಲ್ಲ. ಅರ್ಲ್‌ಗಳಿಗೆ ಐದು ಪ್ಯಾರಾ, ಇವರಿಗೆ ಒಂದು ಸಾಲೂ ಇಲ್ಲ ಅಂದ್ರೆ ನಾನು ಒಪ್ಪಲ್ಲ.

ಮೈನಾ:
ಮೇಷ್ಟ್ರ ಮಾತಿಗೆ ನನ್ನ ಓಟು.

ಕಾನ್_ಕನ್ನಡಿಗ:
ಮೇಷ್ಟ್ರೇ, ಮಾಂಟ್ಗಮರಿಯೂ ನಾರ್ಮಂಡಿ ಊರಿನ ಹೆಸರೇ! ಕಾಲ್ವಾಡೋಸ್‌ನಲ್ಲಿ ಸ್ಯಾಂತ್-ಫ್ವಾ-ದ-ಮಾಂಗೊಮರಿ ಅಂತ ಹಳ್ಳಿ ಇದೆ. ಜರ್ಮನ್ ಸೇನಾಪತಿ ರೋಮೆಲ್ ಕಾರಿನ ಮೇಲೆ 1944ರ ಜುಲೈ 17ರಂದು ವಿಮಾನ ದಾಳಿ ಆಗಿ ಅವನು ಗಾಯಗೊಂಡಿದ್ದು ಆ ಹಳ್ಳಿ ಹತ್ತಿರ. ಎದುರು ಬ್ರಿಟಿಷ್ ಸೇನಾಪತಿಯ ಹೆಸರು ಏನು ಅಂತ ಹೇಳಬೇಕಾಗಿಲ್ಲ.

ಕುಂದಾಪ್ರದ ಮಾಣಿ:
ಹಾಂಗಾದ್ರೆ ಬ್ರೂಸ್? ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್?

ಶಾಸನಪ್ರಿಯ:
@ಕುಂದಾಪ್ರದ ಮಾಣಿ, ಅವನೂ ಅಷ್ಟೇ. ಮಾಂಶ್ ಜಿಲ್ಲೆಯಲ್ಲೇ ಬ್ರಿ ಅಂತ ಊರಿದೆ, ಬ್ರೂಸ್ ಮನೆತನ ಅಲ್ಲಿಯದು. ಅವನಿಗಿಂತ ಮುಂಚೆ ಸ್ಕಾಟ್ಲೆಂಡ್ ರಾಜನಾಗಿದ್ದ ಜಾನ್ ಬೇಲಿಯಲ್‌ನ ಮನೆತನ ಪಿಕಾರ್ಡಿಯ ಬಯ್ಯೋಲ್ ಊರಿನದು. 1307ರಲ್ಲಿ ಬ್ರೂಸ್ ಸ್ಕಾಟ್ಲೆಂಡಿನ ಟರ್ನ್‌ಬೆರಿಗೆ ಮರಳಿ ಬಂದು ಅಲ್ಲಿದ್ದ ಇಂಗ್ಲಿಷ್ ಪಡೆ ಮೇಲೆ ರಾತ್ರಿ ಬಿದ್ದನಲ್ಲ, ಆ ಪಡೆಯ ನಾಯಕ ಯಾರು ಗೊತ್ತಾ? ಹೆನ್ರಿ ಪರ್ಸಿ. ಎರಡೇ ವರ್ಷಕ್ಕೆ ಆನಿಕ್ ಕೋಟೆ ಕೊಂಡವನೂ ಇವನೇ.

ಕುಂದಾಪ್ರದ ಮಾಣಿ:
ಅಯ್ಯೋ ದೇವರೇ. ಬ್ರೂಸ್‌ಗೆ ಬೇರೆ ಚರ್ಚೆ ತೆಗೀರಿ ಮಾರಾಯ್ರೆ, ನಾನು ಅಲ್ಲಿಗೇ ಬತ್ತೆ.